ಒಬ್ಬ ರಣಜಿ ಆಟಗಾರ ಕೊಟ್ಟ ಹತ್ತು ನಿಮಿಷ, ಮಗಳು ಈಗ ಅಂಪೈರ್ ಆಗುತ್ತೇನೆ ಅನ್ನುತ್ತಿದ್ದಾಳೆ. ಏನು ಮಾಡಲಿ?

ಮಂಡಗದ್ದೆಯವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ಅರ್ಧ ಹೇಳಿದರೆ ನನ್ನ ಪ್ರಶ್ನೆ ಅರ್ಥ ಆಗುವುದಿಲ್ಲ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಮಂಡಗದ್ದೆ ಹತ್ತಿರ. ಎರಡು ಎಕರೆ ಅಡಿಕೆ ತೋಟ ಇದೆ. ಮಗಳಿಗೆ ಈಗ 17 ವರ್ಷ, ಸೆಕೆಂಡ್ ಪಿಯುಸಿ ಕಾಮರ್ಸ್. ಚಿಕ್ಕವಳಿದ್ದಾಗ ಊರ ಹುಡುಗರ ಜೊತೆ ಕ್ರಿಕೆಟ್ ಆಡಲು ಹೋಗುತ್ತಿದ್ದಳು. ಅವರು ಸೇರಿಸಿಕೊಳ್ಳುತ್ತಿರಲಿಲ್ಲ. ‘ನೀನು ಲೆಕ್ಕ ಬರಿ’ ಅಂತ ಕಟ್ಟೆ ಮೇಲೆ ಕೂರಿಸುತ್ತಿದ್ದರು. ಇವಳು ಬೇಜಾರು ಮಾಡಿಕೊಳ್ಳದೆ ರಫ್ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡು ಪ್ರತಿ ಬಾಲೂ ಬರೆಯುತ್ತಿದ್ದಳು. ರನ್ ಮಾತ್ರ ಅಲ್ಲ, ಬ್ಯಾಟ್ಸ್‌ಮನ್ ಬಾಲನ್ನು ಆಡದೆ ಬಿಟ್ಟರೆ ಒಂದು ಗುರುತು, ಹೊಡೆಯಲು ಹೋಗಿ ತಪ್ಪಿದರೆ ಇನ್ನೊಂದು. ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲ ಅವಳೇ ಮಾಡಿಕೊಂಡದ್ದು.

2020ರ ಫೆಬ್ರವರಿಯಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ ಕರ್ನಾಟಕ ಮತ್ತು ಮಧ್ಯಪ್ರದೇಶದ ರಣಜಿ ಪಂದ್ಯ ಇತ್ತು, ನಿಮ್ಮಲ್ಲಿ ಹಲವರು ನೋಡಿರಬಹುದು. ನನ್ನ ತಮ್ಮನಿಗೆ ಕ್ರಿಕೆಟ್ ಅಂದರೆ ಪ್ರಾಣ. ಬೆಳಿಗ್ಗೆ ಮೊದಲ ಬಸ್ಸಿಗೆ ನಮ್ಮಿಬ್ಬರನ್ನೂ ಹೊರಡಿಸಿದ. ಮಗಳಿಗೆ ಆಗ 11. ಇಡೀ ದಿನ ಬಿಸಿಲಿನಲ್ಲಿ ಕೂತು ಬರೆದಳು. ಊಟಕ್ಕೆ ಏಳು ಅಂದರೂ ಏಳಲಿಲ್ಲ, ಓವರ್ ಮುಗಿಯಲಿ ಅಂದಳು.

ಸಂಜೆ ಆಟ ಮುಗಿದ ಮೇಲೆ ಆಟಗಾರರು ಬಸ್ಸಿನ ಕಡೆ ಬರುವಾಗ ಮಕ್ಕಳೆಲ್ಲ ಬ್ಯಾಟು, ಟೋಪಿ ಹಿಡಿದುಕೊಂಡು ಮುತ್ತಿದರು. ಇವಳ ಕೈಯಲ್ಲಿ ಇದ್ದದ್ದು ಆ ನೋಟ್‌ಬುಕ್ಕು ಮಾತ್ರ. ಒಬ್ಬ ಆಟಗಾರರು ಸಹಿ ಹಾಕಲು ಅದನ್ನು ತೆಗೆದುಕೊಂಡವರು ಸಹಿ ಹಾಕದೆ ಹಾಳೆ ತಿರುವಿದರು. (ಅವರ ಹೆಸರು ಬರೆಯುವುದಿಲ್ಲ. ಅವರನ್ನು ಕೇಳದೆ ಬರೆಯುವುದು ಸರಿ ಅನಿಸುವುದಿಲ್ಲ.) ‘ಇದೆಲ್ಲ ನೀನೇ ಬರೆದದ್ದಾ ಪುಟ್ಟಾ?’ ಅಂದರು. ಹೌದು ಅಂದಳು. ಅಲ್ಲೇ ಮೆಟ್ಟಿಲ ಮೇಲೆ ಕೂತರು. ತಮ್ಮ ಆಟ ಇದ್ದ ಹಾಳೆ ಹುಡುಕಿ, ‘ಈ ಬೌಲರ್ ಹಾಕಿದ್ದರಲ್ಲಿ ನಾನು ಎಷ್ಟು ಬಾಲ್ ಬಿಟ್ಟಿದ್ದೀನಿ ಹೇಳು ನೋಡೋಣ’ ಅಂದರು. ಇವಳು ಎಣಿಸಿ ಹೇಳಿದಳು. ಅವರು ಸುಮ್ಮನೆ ತಲೆ ಆಡಿಸಿ ಹೋಗಲಿಲ್ಲ, ಜೇಬಿಂದ ಮೊಬೈಲ್ ತೆಗೆದು ಆ ಹಾಳೆಯ ಫೋಟೋ ತೆಗೆದುಕೊಂಡರು. ‘ಇದು ನಂಗೆ ಬೇಕು’ ಅಂದರು.

ಆಮೇಲೆ ಬೆರಳಿಟ್ಟು ಒಂದು ಜಾಗ ತೋರಿಸಿದರು. ‘ಈ ನಾಲ್ಕು ರನ್ ನಂದಲ್ಲ. ಬ್ಯಾಟಿಗೆ ತಾಗಿಲ್ಲ, ಕಾಲಿಗೆ ತಾಗಿ ಹೋದದ್ದು. ಲೆಗ್ ಬೈ ಅಂತಾರೆ. ತಂಡದ ಲೆಕ್ಕಕ್ಕೆ ಸೇರುತ್ತೆ, ನನ್ನ ಲೆಕ್ಕದಿಂದ ತೆಗಿ’ ಅಂದರು. ತೆಗೆಯುವವರೆಗೂ ಕಾದರು. ಮೊತ್ತ ಸರಿ ಮಾಡಿದ ಮೇಲೆ ಅದರ ಕೆಳಗೆ ಸಹಿ ಹಾಕಿದರು. ಎಲ್ಲ ಸೇರಿ ಹತ್ತು ನಿಮಿಷ ಇರಬಹುದು. ಅಷ್ಟು ಹೊತ್ತೂ ಹಿಂದೆ ಜನ ಅವರ ಹೆಸರು ಕೂಗುತ್ತಲೇ ಇದ್ದರು.

ಮಾರನೇ ದಿನ ತಮ್ಮ ಅವಳನ್ನು ಮತ್ತೆ ಕರೆದುಕೊಂಡು ಹೋಗಿದ್ದ. ಗೇಟಿನಲ್ಲಿದ್ದ ಸೆಕ್ಯೂರಿಟಿಯವರು ‘ಸ್ಕೋರ್ ಬರೆಯೋ ಹುಡುಗಿ ನೀನೇನಾ’ ಅಂತ ಕೇಳಿ ಒಂದು ಕಟ್ಟು ಖಾಲಿ ಸ್ಕೋರ್ ಹಾಳೆ ಕೊಟ್ಟರಂತೆ. ಆ ಆಟಗಾರರೇ ಅವಳಿಗೆ ಅಂತ ಕೊಟ್ಟು ಹೋಗಿದ್ದರು.

ಅದಾಗಿ ಒಂದು ತಿಂಗಳು ಚಿಲ್ಲರೆಗೆ ಲಾಕ್‌ಡೌನ್. ಶಾಲೆ ಇಲ್ಲ, ಆಟ ಇಲ್ಲ. ಟಿವಿಯಲ್ಲಿ ಹಳೆ ಪಂದ್ಯ ಹಾಕುತ್ತಿದ್ದರಲ್ಲ, ಅವುಗಳನ್ನೇ ಕೂತು ಬರೆದಳು. ಹಾಳೆ ಮುಗಿದ ಮೇಲೆ ಸ್ಕೇಲ್ ಇಟ್ಟು ಅದೇ ತರ ಗೆರೆ ಹಾಕಿಕೊಂಡಳು. ಈಗ ಸುತ್ತಮುತ್ತ ಎಲ್ಲಿ ಟೂರ್ನಮೆಂಟ್ ಆದರೂ ಸ್ಕೋರ್ ಬರೆಯಲು ಇವಳನ್ನೇ ಕರೆಯುತ್ತಾರೆ. ಹೋದ ಬೇಸಿಗೆಯಲ್ಲಿ ಒಂದು ಕಡೆ ಅಂಪೈರ್ ಬರಲಿಲ್ಲ ಅಂತ ಇವಳನ್ನೇ ನಿಲ್ಲಿಸಿದರು. ಒಬ್ಬ ದೊಡ್ಡ ಮನುಷ್ಯರು ರನ್ ಔಟ್ ಆದದ್ದಕ್ಕೆ ಕೂಗಾಡಿದರು. ಇವಳು ಕೊಟ್ಟ ತೀರ್ಪು ಬದಲಿಸಲಿಲ್ಲ. ಮನೆಗೆ ಬಂದವಳು, ‘ಅಪ್ಪಯ್ಯ, ನಾನು ಅಂಪೈರ್ ಪರೀಕ್ಷೆ ಬರೀತೀನಿ’ ಅಂದಳು.

ನಮ್ಮಮ್ಮನಿಗೆ ಇದು ಸುತರಾಂ ಇಷ್ಟ ಇಲ್ಲ. ‘ಬಿಸಿಲಲ್ಲಿ ನಿಂತು ಗಂಡುಹುಡುಗರ ಹತ್ರ ಬೈಸ್ಕೊಳ್ಳೋ ಕೆಲಸ ಯಾಕೆ’ ಅನ್ನುತ್ತಾರೆ. ನನಗೆ ಆ ಭಯ ಇಲ್ಲ. ನನ್ನ ಭಯ ಬೇರೆ. ಯಾರೋ ಒಬ್ಬ ದೊಡ್ಡ ಆಟಗಾರರು ಒಂದು ಸಂಜೆ ಪ್ರೀತಿಯಿಂದ ಮಾತಾಡಿಸಿದರು. ಅಷ್ಟರ ಮೇಲೆ ಜೀವನದ ದಾರಿ ಹಿಡಿಯಬಹುದಾ? ಆ ದಾರಿಯಲ್ಲಿ ಊಟಕ್ಕೆ ಆಗುವಷ್ಟು ದುಡ್ಡು ಸಿಗುತ್ತದಾ? ಗೊತ್ತಿರುವವರು ಹೇಳಿ. ನಿಮಗೂ ಹೀಗೆ ಏನಾದರೂ ಆಗಿದ್ದರೆ ಅದನ್ನೂ ಬರೆಯಿರಿ.

---

ನ್ಯೂಟೌನ್ ಭದ್ರಾವತಿ ಉತ್ತರ:

ನಿಮ್ಮ ಮಗಳ ವಿಷಯ ಓದಿ ರಾತ್ರಿಯೇ ಬರೆಯಬೇಕು ಅಂತ ಕೂತೆ. ನಾನು ಜಿಲ್ಲಾ ಮಟ್ಟದಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅಂಪೈರ್ ಆಗಿ ನಿಂತವನು. ನಾನು ಯಾಕೆ ನಿಂತೆ ಅನ್ನುವುದನ್ನು ಮೊದಲು ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ನಮ್ಮ ತಂದೆ ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದರು. ನಮ್ಮೂರಲ್ಲಿ ಆಗ ಕ್ರಿಕೆಟ್ ಅಂದರೆ ಒಂದೇ ಹೆಸರು, ಜಿ.ಆರ್. ವಿಶ್ವನಾಥ್. ಇದೇ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದವರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟ್, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. 91 ಟೆಸ್ಟ್, 14 ಶತಕ, ಅವರು ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ. ಇದೆಲ್ಲ ನಮಗೆ ಮಗ್ಗಿ ತರ ಬಾಯಿಪಾಠ. ಅವರನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೆ ಸಿಗಲಿಲ್ಲ, ಮಾತಾಡಿಸುವುದು ದೂರ ಉಳಿಯಿತು. ಆದರೂ ನನ್ನ ಕೆಲಸ ಶುರುವಾದದ್ದು ಅವರಿಂದಲೇ.

1980ರ ಫೆಬ್ರವರಿ, ಮುಂಬೈ ವಾಂಖೆಡೆ, ಇಂಗ್ಲೆಂಡ್ ವಿರುದ್ಧ ಭಾರತದ ಕ್ರಿಕೆಟ್ ಮಂಡಳಿಯ (ಬಿಸಿಸಿಐ) ಸುವರ್ಣ ಮಹೋತ್ಸವದ ಟೆಸ್ಟ್. ವಿಶ್ವನಾಥ್ ನಾಯಕ. ಅವರು ನಾಯಕರಾಗಿ ಆಡಿದ್ದೇ ಎರಡು ಟೆಸ್ಟ್, ಅದರಲ್ಲಿ ಇದೊಂದು. ಭಾರತ 242. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಪಂದ್ಯ ನಮ್ಮ ಕೈಯಲ್ಲೇ ಇತ್ತು. ಬೋಥಂ ಮತ್ತು ಬಾಬ್ ಟೇಲರ್ ಆಡುತ್ತಿದ್ದಾಗ ಕಪಿಲ್ ದೇವ್ ಬಾಲು ಟೇಲರ್ ಬ್ಯಾಟಿಗೆ ತಾಗಿ ಕೀಪರ್ ಕೈಗೆ ಹೋಯಿತು ಅಂತ ಅಂಪೈರ್ ಔಟ್ ಕೊಟ್ಟರು. ಟೇಲರ್ ಬ್ಯಾಟಿಗೆ ತಾಗಿಲ್ಲ ಅನ್ನುವಂತೆ ನಿಂತರು. ಕೀಪರ್ ಪಕ್ಕ ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೂ ತಾಗಿಲ್ಲ ಅಂತ ಗೊತ್ತಿತ್ತು. ಅಂಪೈರ್ ಹತ್ತಿರ ಹೋಗಿ ಹೇಳಿ ಟೇಲರ್‌ರನ್ನು ವಾಪಸ್ ಕರೆಸಿದರು. ಆಮೇಲೆ ಅವರಿಬ್ಬರೂ ಸೇರಿ ಆರನೇ ವಿಕೆಟ್‌ಗೆ 171 ರನ್ ಸೇರಿಸಿದರು. ಬೋಥಂ 114 ಹೊಡೆದು, ಪಂದ್ಯದಲ್ಲಿ 13 ವಿಕೆಟ್ ತೆಗೆದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ನನಗೆ ಆಗ 12. ಊರು ಎರಡಾಗಿತ್ತು. ಟೀ ಅಂಗಡಿಯಲ್ಲಿ, ಕಾರ್ಖಾನೆ ಗೇಟಿನಲ್ಲಿ ಅದೇ ಮಾತು. ನಮ್ಮವರೇ ಆಗಿ ಗೆಲ್ಲುವ ಪಂದ್ಯ ಬಿಟ್ಟುಕೊಟ್ಟರಲ್ಲ ಅಂತ ಕೆಲವರು, ನಮ್ಮೂರಿನವರು ಅಂದರೆ ಹೀಗಿರಬೇಕು ಅಂತ ಕೆಲವರು. ನನ್ನ ತಲೆಯಲ್ಲಿ ಕೂತದ್ದು ಬೇರೆ. ಆ ಅಂಪೈರ್‌ಗೆ ಆಗ ಹೇಗೆ ಅನಿಸಿರಬೇಕು? ಸಾವಿರಾರು ಜನರ ಮುಂದೆ ತಪ್ಪಾಗಿದೆ. ಆದರೆ ನಾಯಕ ಕೈ ಎತ್ತಿ ಕೂಗಲಿಲ್ಲ, ಹತ್ತಿರ ಹೋಗಿ ಹೇಳಿದರು. ತೀರ್ಪು ಬದಲಿಸಿದ್ದು ಅಂಪೈರೇ. ಆಟದಲ್ಲಿ ಹನ್ನೆರಡು-ಹದಿಮೂರು ಜನರ ಮಧ್ಯೆ ಬಿಳಿ ಕೋಟು ಹಾಕಿಕೊಂಡು ನಿಂತ ಆ ಮನುಷ್ಯರನ್ನು ನಾನು ಅವತ್ತಿನವರೆಗೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವತ್ತಿನಿಂದ ಪಂದ್ಯ ನೋಡಲು ಹೋದರೆ ನನ್ನ ಕಣ್ಣು ಅವರ ಮೇಲೇ ಇರುತ್ತಿತ್ತು.

ಇನ್ನೂ ಒಂದು ಹೇಳಬೇಕು. ನಾನು ಅಂಪೈರ್ ಆಗಿ ನಾಲ್ಕೋ ಐದೋ ವರ್ಷ ಆಗಿತ್ತು. ಶಿವಮೊಗ್ಗದಲ್ಲಿ ಕಾಲೇಜು ಹುಡುಗರ ಪಂದ್ಯ. ಸ್ಪಿನ್ನರ್ ಬಾಲ್, ಬ್ಯಾಟ್ಸ್‌ಮನ್ ಹತ್ತಿರವೇ ಶಾರ್ಟ್ ಲೆಗ್‌ನಲ್ಲಿ ಕ್ಯಾಚ್, ಔಟ್ ಕೊಡಿ ಅಂತ ದೊಡ್ಡ ಕೂಗು (ಅದೇ ಅಪೀಲ್), ನಾನು ಬೆರಳು ಎತ್ತಿದೆ. ಬ್ಯಾಟ್ಸ್‌ಮನ್ ತಲೆ ತಗ್ಗಿಸಿ ಹೊರಟ. ಕ್ಯಾಚ್ ಹಿಡಿದ ಹುಡುಗ ನಾಯಕನ ಹತ್ತಿರ ಹೋಗಿ ಏನೋ ಹೇಳಿದ. ನಾಯಕ ಓಡಿ ಬಂದು ‘ಸರ್, ಪ್ಯಾಡಿಗೆ ಮಾತ್ರ ತಾಗಿದ್ದು. ಅಪೀಲ್ ವಾಪಸ್ ತಗೊಳ್ಳಬಹುದಾ?’ ಅಂದ. ಒಂದು ಕ್ಷಣ ನನ್ನ ಮುಖ ಸುಟ್ಟ ಹಾಗಾಯಿತು. ಆಮೇಲೆ ಎದೆ ಹಗುರ ಆಯಿತು ನೋಡಿ, ಅದನ್ನು ಹೇಳಲು ನನಗೆ ಮಾತು ಸಾಲದು. ಬ್ಯಾಟ್ಸ್‌ಮನ್‌ನನ್ನು ಕರೆದೆ. ಆ ನಾಯಕನಿಗೆ 19 ವರ್ಷ ಇರಬಹುದು. 1980ರ ಕಥೆ ಅವನಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ನಿಮ್ಮ ಮಗಳಿಗೆ ಆ ಆಟಗಾರರು ಹೇಳಿದ ಮಾತು ನೋಡಿ. ‘ಈ ನಾಲ್ಕು ರನ್ ನಂದಲ್ಲ, ತೆಗಿ.’ ತನ್ನದಲ್ಲದ ರನ್ ತನ್ನ ಹೆಸರಲ್ಲಿ ಬೇಡ ಅಂತ 11 ವರ್ಷದ ಮಗುವಿನ ನೋಟ್‌ಬುಕ್ಕಿನಲ್ಲೂ ಸರಿ ಮಾಡಿಸಿದರು. ಒಂದು ಹುಡುಗಿ ಅಂಪೈರ್ ಆಗಲು ಇದಕ್ಕಿಂತ ಒಳ್ಳೆ ಮೊದಲ ಪಾಠ ನನಗೆ ಗೊತ್ತಿಲ್ಲ.

ಇನ್ನು ದುಡ್ಡಿನ ಮಾತು. ನೇರವಾಗಿ ಹೇಳುತ್ತೇನೆ, ಶುರುವಿನಲ್ಲಿ ಇದರಲ್ಲೇ ಬದುಕಲು ಆಗುವುದಿಲ್ಲ. ಸಂಬಳ ಇಲ್ಲ, ಪಂದ್ಯದ ದಿನಕ್ಕೆ ಇಷ್ಟು ಅಂತ ಕೊಡುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಪಂದ್ಯವೇ ಇರುವುದಿಲ್ಲ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು ರಜೆ ದಿನ ನಿಲ್ಲುತ್ತಿದ್ದೆ. ಆದರೆ ಮೇಲಿನ ಮೆಟ್ಟಿಲು ಹತ್ತಿದರೆ ಇದು ಪೂರ್ತಿ ವೃತ್ತಿ. ಮೊದಲು ರಾಜ್ಯ ಕ್ರಿಕೆಟ್ ಸಂಸ್ಥೆಯ ಪರೀಕ್ಷೆ, ಸ್ಥಳೀಯ ಲೀಗ್, ಆಮೇಲೆ ಬಿಸಿಸಿಐ ಪರೀಕ್ಷೆ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿದೆ. 2023ರ ಜನವರಿಯಲ್ಲಿ ವೃಂದಾ ರಾಠಿ, ಜನನಿ ನಾರಾಯಣನ್, ಗಾಯತ್ರಿ ವೇಣುಗೋಪಾಲನ್ ಮೂವರೂ ರಣಜಿ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಂತರು, ಮಹಿಳೆಯರಲ್ಲಿ ಅವರೇ ಮೊದಲು. ವೃಂದಾ ರಾಠಿ ಶುರು ಮಾಡಿದ್ದು ಎಲ್ಲಿಂದ ಗೊತ್ತಾ? ಸ್ಕೋರರ್ ಆಗಿ! 2013ರ ಮಹಿಳಾ ವಿಶ್ವಕಪ್‌ನಲ್ಲಿ ಸ್ಕೋರ್ ಬರೆಯುವಾಗ ನ್ಯೂಜಿಲೆಂಡ್‌ನ ಅಂಪೈರ್ ಕ್ಯಾಥಿ ಕ್ರಾಸ್ ಅವರನ್ನು ನೋಡಿ ಅಂಪೈರ್ ಆಗುವ ಮನಸ್ಸು ಮಾಡಿದವರು. ನಿಮ್ಮ ಮಗಳಿಗೆ ಇದನ್ನು ಹೇಳಿ.

ಕೊನೆಯದಾಗಿ, ಬಿ.ಕಾಂ ಬಿಡಿಸಬೇಡಿ. ಓದಿನ ಜೊತೆಗೇ ಕ್ರಿಕೆಟ್ ನಿಯಮದ ಪುಸ್ತಕ ಇಟ್ಟುಕೊಳ್ಳಲಿ. ಒಟ್ಟು 42 ನಿಯಮ. ಮೊದಲು 31ನೆಯದು ಓದಲಿ, ಅಪೀಲ್ ಬಗ್ಗೆ ಇರುವುದು. ಯಾರೂ ಕೇಳದೆ ಅಂಪೈರ್ ಔಟ್ ಕೊಡುವ ಹಾಗಿಲ್ಲ, ಕೇಳಿದ ಮೇಲೆ ವಾಪಸ್ ತೆಗೆದುಕೊಳ್ಳಬೇಕಾದರೆ ನಾಯಕ ಅಂಪೈರ್ ಒಪ್ಪಿಗೆ ಪಡೆಯಬೇಕು. ಇಡೀ ಆಟದ ಮರ್ಯಾದೆ ಆ ಎರಡು ಮಾತಿನಲ್ಲಿದೆ ಅಂತ ನಾನು ನಂಬಿದ್ದೇನೆ.

---

ಹುಲಿಕಲ್ ಘಾಟಿ ಉತ್ತರ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ 16 ಆಗಿದ್ದಾಗ ಬೇಸಿಗೆ ಶಿಬಿರಕ್ಕೆ ಬಂದ ಒಬ್ಬ ಹೆಸರಾದ ಆಟಗಾರರು ಬೆನ್ನು ತಟ್ಟಿ ‘ನೀನು ರಾಜ್ಯಕ್ಕೆ ಆಡ್ತೀಯ’ ಅಂದರು. ಅವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಈಗಲೂ ಅವರ ಮೇಲೆ ಗೌರವ ಇದೆ. ಆದರೆ ಆ ಒಂದು ಮಾತು ಹಿಡಿದುಕೊಂಡು ಎರಡು ವರ್ಷ ಓದು ಬಿಟ್ಟೆ. ಬೆಂಗಳೂರಿನಲ್ಲಿ ರೂಮು ಮಾಡಿ ಕ್ಲಬ್ಬಿಗೆ ಅಲೆದೆ. ಬೆನ್ನು ನೋವು ಬಂತು, ಬೌಲಿಂಗ್ ನಿಂತಿತು, ವಾಪಸ್ ಊರಿಗೆ ಬಂದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ನೋವು ಕೊಟ್ಟದ್ದು.

ದೊಡ್ಡವರ ಪ್ರೀತಿಯ ಮಾತಿಗೆ ಮಕ್ಕಳ ಮನಸ್ಸಿನಲ್ಲಿ ತೂಕ ಜಾಸ್ತಿ. ಹೇಳಿದವರು ಬಸ್ಸು ಹತ್ತಿ ಹೋಗುತ್ತಾರೆ, ಕೇಳಿದವರು ಅದನ್ನು ಹೊತ್ತುಕೊಂಡು ವರ್ಷಗಟ್ಟಲೆ ಇರುತ್ತಾರೆ. ಅದಕ್ಕೇ ಭದ್ರಾವತಿ ಸರ್ ಹೇಳಿದ ಹಾಗೆ ಡಿಗ್ರಿ ಮೊದಲು ಮುಗಿಸಲಿ. ಅಷ್ಟೇ ನಾನು ಹೇಳುವುದು.

---

ಸಾಗರದ ಫಿಸಿಯೋ ಉತ್ತರ:

ಹುಲಿಕಲ್ ಅಣ್ಣ, ನಿಮ್ಮ ಮಾತು ಓದಿ ಸಂಕಟ ಆಯಿತು. ಆದರೆ ಒಂದು ವ್ಯತ್ಯಾಸ ಇದೆ ಅಲ್ವಾ? ನಿಮಗೆ ಹೇಳಿದವರು ಮುಂದೆ ಏನಾಗುತ್ತೀರಿ ಅಂತ ಹೇಳಿದರು. ಆ ಹುಡುಗಿಗೆ ಆ ಆಟಗಾರರು ಮುಂದಿನ ಮಾತೇ ಆಡಲಿಲ್ಲ. ನೀನು ದೊಡ್ಡ ಅಂಪೈರ್ ಆಗ್ತೀಯ ಅನ್ನಲಿಲ್ಲ. ಅವತ್ತು ಅವಳು ಮಾಡಿದ ಕೆಲಸವನ್ನು ಓದಿದರು, ಉಪಯೋಗಕ್ಕೆ ತೆಗೆದುಕೊಂಡರು, ತಪ್ಪು ತೋರಿಸಿದರು. ಆಮೇಲಿನ ಆರು ವರ್ಷ ಅವಳೇ ಮಾಡಿಕೊಂಡದ್ದು. ಮಂಡಗದ್ದೆ ಸರ್, ನೀವು ‘ಒಂದು ಸಂಜೆಯ ಪ್ರೀತಿಯ ಮೇಲೆ’ ಅಂತ ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಗೆರೆ ಹಾಕಿದ ಆ ಹಾಳೆಗಳು ಎಷ್ಟಿವೆ ಅಂತ ಒಮ್ಮೆ ಎಣಿಸಿ ನೋಡಿ.

ನನ್ನದೂ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದೆ. ಒಂದು ಪಂದ್ಯದಲ್ಲಿ ಮಂಡಿ ತಿರುಚಿತು. ಯಾರೋ ಎಣ್ಣೆ ಹಾಕಿ ತಿಕ್ಕಿದರು, ಯಾರೋ ಎಳೆದರು, ಊದಿ ಕುಂಬಳಕಾಯಿ ಆಯಿತು. ಆ ಟೂರ್ನಮೆಂಟ್‌ಗೆ ಅತಿಥಿಯಾಗಿ ಬಂದಿದ್ದ ರಾಜ್ಯ ತಂಡದ ಆಟಗಾರ್ತಿ ಒಬ್ಬರು ವೇದಿಕೆ ಬಿಟ್ಟು ಇಳಿದು ಬಂದರು. ತಿಕ್ಕುವವರನ್ನು ನಿಲ್ಲಿಸಿದರು, ಐಸ್ ತರಿಸಿದರು, ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿ ಇಟ್ಟುಕೊಂಡು ಕೂತರು. ರೇಷ್ಮೆ ಸೀರೆ ಉಟ್ಟಿದ್ದರು, ಐಸ್ ನೀರು ಪೂರ್ತಿ ಅದರ ಮೇಲೇ ಸುರಿಯಿತು. ನನ್ನ ಅಮ್ಮನಿಗೆ ಫೋನ್ ನಂಬರ್ ಕೊಟ್ಟು, ಎಲ್ಲಿ ತೋರಿಸಬೇಕು ಅಂತ ಹೇಳಿ, ಆಮೇಲೆ ತಿಂಗಳಿಗೆ ಒಂದು ಸಲ ಅವರೇ ಫೋನ್ ಮಾಡುತ್ತಿದ್ದರು. ‘ಇವತ್ತು ಎಷ್ಟು ಮಡಚೋಕೆ ಆಯ್ತು?’ ಅಂತ ಕೇಳುತ್ತಿದ್ದರು. ಎಂಟು ತಿಂಗಳು ಹಾಗೆ ಕೇಳಿದರು.

ನಾನು ಮತ್ತೆ ಕಬಡ್ಡಿ ಆಡಲಿಲ್ಲ. ಆದರೆ ಕಾಲು ಎಷ್ಟು ಮಡಚುತ್ತದೆ ಅನ್ನುವುದು ನನಗೆ ಆಟಕ್ಕಿಂತ ದೊಡ್ಡ ವಿಷಯ ಆಯಿತು. ಫಿಸಿಯೋಥೆರಪಿ ಓದಿದೆ. ನಾನು ಓದುವಾಗ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. ಈಗ ನನ್ನ ಹತ್ತಿರ ಬರುವವರಲ್ಲಿ ಆಟಗಾರರು ಸ್ವಲ್ಪ, ಅಡಿಕೆ ಕೊನೆಗಾರರು ಜಾಸ್ತಿ. ಒಂದು ಮರದಿಂದ ಇನ್ನೊಂದು ಮರಕ್ಕೆ ಬಗ್ಗಿ ಹಿಡಿದು ಹೋಗುವ ಅವರ ಭುಜ, ಮಂಡಿ ನೋಡಿದರೆ ಯಾವ ಆಟಗಾರನ ಕಷ್ಟಕ್ಕೂ ಕಡಿಮೆ ಇಲ್ಲ. ಕೊಯ್ಲು ಮುಗಿದ ಮೇಲೆ ಬರುತ್ತಾರೆ, ಅಷ್ಟು ದಿನ ನೋವು ನುಂಗಿಕೊಂಡಿರುತ್ತಾರೆ. ಅವರಿಗೆ ನಾನು ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳುತ್ತೇನೆ, ಕೈ ಎಷ್ಟು ಮೇಲೆ ಹೋಯಿತು ಅಂತ. ಇದು ನನಗೆ ಕಾಲೇಜಿನಲ್ಲಿ ಕಲಿಸಿದ್ದಲ್ಲ.

---

ಕುಮಟಾದಿಂದ ಶಿವಮೊಗ್ಗಕ್ಕೆ ಉತ್ತರ:

ಆಟಗಾರ ಆಗದೆ ಆಟದಲ್ಲೇ ಬದುಕು ಕಟ್ಟಿಕೊಂಡವರ ಮಾತು ಬಂತು. ನಮ್ಮೂರಿನವರೇ ಇದ್ದಾರೆ. ರಘು ಅಂತ ಎಲ್ಲರೂ ಕರೆಯುವ ರಾಘವೇಂದ್ರ, ಕುಮಟಾದವರು. ಕ್ರಿಕೆಟ್ ಆಡಬೇಕು ಅಂತ ಮನೆ ಬಿಟ್ಟು ಹೋದವರು, ಆಟಗಾರ ಆಗಲು ಆಗಲಿಲ್ಲ. ಬ್ಯಾಟ್ಸ್‌ಮನ್‌ಗಳಿಗೆ ಅಭ್ಯಾಸಕ್ಕೆ ಬಾಲ್ ಎಸೆಯುವ ಕೆಲಸಕ್ಕೆ ನಿಂತರು. ಆ ಎಸೆತ ಕಂಡು ವೇಗದ ಬೌಲರ್ ಆಗಿದ್ದ ಜಾವಗಲ್ ಶ್ರೀನಾಥ್, ರಘು ಅವರನ್ನು ಕರ್ನಾಟಕ ರಣಜಿ ತಂಡದ ಜೊತೆ ಸೇರಿಸಿಕೊಂಡರು. ಅಲ್ಲಿಂದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, 2011ರಿಂದ ಭಾರತ ತಂಡ. 2024ರಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದ ಜೊತೆಗೂ ಅವರಿದ್ದರು. ಉದ್ದ ಹಿಡಿಯ ಸೈಡ್ ಆರ್ಮ್ (ಬಾಲ್ ಇಟ್ಟು ಬೀಸಿ ಎಸೆಯುವ ಸಾಧನ) ಹಿಡಿದು ಅವರು ಎಸೆಯುವ ವೇಗಕ್ಕೆ ದೊಡ್ಡ ದೊಡ್ಡ ಬ್ಯಾಟ್ಸ್‌ಮನ್‌ಗಳು ನೆಟ್ಸ್‌ನಲ್ಲಿ ಒದ್ದಾಡುತ್ತಾರೆ.

ಶ್ರೀನಾಥ್ ಅಂದರೆ ನನಗೆ ತಕ್ಷಣ ನೆನಪಾಗುವುದು 1999ರ ಫೆಬ್ರವರಿ 7, ದೆಹಲಿ, ಪಾಕಿಸ್ತಾನದ ಮೇಲೆ ಕುಂಬ್ಳೆ ಹತ್ತು ವಿಕೆಟ್ ತೆಗೆದ ದಿನ. ಒಂಬತ್ತು ಆಗಿದೆ, ಇನ್ನೊಂದು ಕಡೆಯಿಂದ ಶ್ರೀನಾಥ್ ಓವರ್. ಬ್ಯಾಟ್ಸ್‌ಮನ್‌ಗೆ ಎಟುಕದ ಹಾಗೆ ಆಚೆ ಹಾಕಿದರು, ವೈಡ್ ಕೂಡ ಆಯಿತು. ತನಗೆ ವಿಕೆಟ್ ಬೇಡ, ಗೆಳೆಯನಿಗೆ ಹತ್ತನೆಯದು ಸಿಗಲಿ ಅಂತ. ಸ್ಕೋರ್ ಹಾಳೆಯಲ್ಲಿ ಆ ವೈಡ್ ಬೌಲರ್ ಲೆಕ್ಕಕ್ಕೇ ಹೋಗುತ್ತದೆ. ಯಾಕೆ ಹಾಕಿದರು ಅಂತ ಬರೆಯಲು ಅದರಲ್ಲಿ ಜಾಗ ಇಲ್ಲ. ಕುಂಬ್ಳೆ 74ಕ್ಕೆ 10 ಅಂತ ಎಲ್ಲರಿಗೂ ಗೊತ್ತು. ಆ ಓವರ್ ನೆನಪಿಟ್ಟುಕೊಂಡವರು ಕಡಿಮೆ, ಅದು ನನಗೆ ಬೇಸರ.

ಇಂಥವರು ಕಣ್ಣಿಟ್ಟು ಒಬ್ಬ ಹುಡುಗನನ್ನು ಗುರುತಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ರಘು ಇದ್ದಾರೆ. ಮಂಡಗದ್ದೆಯವರೇ, ಕಳಿಸಿ.

---

ಮಂಡಗದ್ದೆಯವ ಮತ್ತೆ ಬರೆದದ್ದು:

ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಎಲ್ಲವನ್ನೂ ಮನೆಯಲ್ಲಿ ಓದಿ ಹೇಳಿದೆ.

ಫಿಸಿಯೋ ಮೇಡಂ ಹೇಳಿದ ಹಾಗೆ ಹಾಳೆ ಎಣಿಸಲು ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಮೂರು ಪೆಟ್ಟಿಗೆ ಇತ್ತು. ಒಂದು ಪೆಟ್ಟಿಗೆ ಅರ್ಧ ಎಣಿಸುವಷ್ಟರಲ್ಲಿ ನಾಲ್ಕು ನೂರು ದಾಟಿತು, ಅಲ್ಲಿಗೆ ನಿಲ್ಲಿಸಿದೆ. ಕೆಲವಕ್ಕೆ ಮಳೆಗಾಲದ ಬೂಷ್ಟು ಹಿಡಿದಿದೆ, ಬಿಸಿಲಿಗೆ ಹಾಕಬೇಕು. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೂ ನಾನು ಇದನ್ನು ನೋಡಿರಲಿಲ್ಲ.

ಹುಲಿಕಲ್‌ನವರೇ, ನಿಮ್ಮ ಮಾತನ್ನು ಮಗಳೇ ಎರಡು ಸಲ ಓದಿಸಿದಳು. ಬಿ.ಕಾಂ ಮಾಡುತ್ತೇನೆ, ಬಿಡುವುದಿಲ್ಲ ಅಂದಿದ್ದಾಳೆ. ನಿಮ್ಮ ಅಪ್ಪನ ವಿಷಯ ಓದಿ ನನಗೂ ಎದೆ ಭಾರ ಆಯಿತು.

ನಮ್ಮಮ್ಮ ಪೂರ್ತಿ ಕೇಳಿಸಿಕೊಂಡರು. ವಿಶ್ವನಾಥ್ ಕಥೆ ಬಂದಾಗ ‘ಸೋತರಾ ಕಡೆಗೆ?’ ಅಂತ ಕೇಳಿದರು. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು ‘ಇಷ್ಟು ವರ್ಷ ಆದ್ರೂ ಅದನ್ನೇ ಹೇಳ್ತಿದ್ದಾರಲ್ಲ ಜನ’ ಅಂದರು. ಒಪ್ಪಿದ್ದಾರೆ ಅಂತ ಹೇಳಲಾರೆ, ಆದರೆ ಬೇಡ ಅನ್ನಲಿಲ್ಲ.

ಭದ್ರಾವತಿ ಸರ್, ಮಗಳದ್ದು ಒಂದು ಪ್ರಶ್ನೆ ಇದೆ. 31ನೇ ನಿಯಮ ಓದಿದಳಂತೆ. ‘ಔಟ್ ಕೊಟ್ಟಾಯಿತು, ಹೊಸ ಬ್ಯಾಟರ್ ಬಂದಾಯಿತು, ಆಗ ನಾಯಕನಿಗೆ ತಪ್ಪು ಗೊತ್ತಾದರೆ ಹಳಬರನ್ನು ಕರೆಸಬಹುದಾ?’ ಅಂತ ಕೇಳುತ್ತಿದ್ದಾಳೆ.

---

ನ್ಯೂಟೌನ್ ಭದ್ರಾವತಿ ಉತ್ತರ:

ಒಳ್ಳೆ ಪ್ರಶ್ನೆ, ಪರೀಕ್ಷೆಯಲ್ಲಿ ಕೇಳುವಂಥದ್ದು. ಈಗಿನ ನಿಯಮದಲ್ಲಿ ಮುಂದಿನ ಬಾಲ್ ಆಟಕ್ಕೆ ಬರುವವರೆಗೆ ಅವಕಾಶ ಇದೆ. ಹೊಸಬ ಬಂದು ನಿಂತಿದ್ದರೂ ಪರವಾಗಿಲ್ಲ. ಬೌಲರ್ ಓಟ ಶುರು ಮಾಡಿದನೋ, ಮುಗಿಯಿತು. ಓಡದೆ ನಿಂತಲ್ಲಿಂದ ಹಾಕುವವನಾದರೆ ಕೈ ಆಡಿಸಲು ಶುರು ಮಾಡಿದಲ್ಲಿಗೆ ಮುಗಿಯಿತು. ಅದು ಇನಿಂಗ್ಸ್‌ನ ಕೊನೆ ವಿಕೆಟ್ ಆಗಿದ್ದರೆ ಅಂಪೈರ್‌ಗಳು ಮೈದಾನ ಬಿಡುವವರೆಗೆ. ಈ ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ.

ಸ್ಕೋರರ್ ಆಗಿ ಅವಳಿಗೆ ಇನ್ನೊಂದು ಕೆಲಸ ಇದೆ. ಅಂಪೈರ್ ಸಿಗ್ನಲ್ ಕೊಟ್ಟಾಗ ಕೈ ಎತ್ತಿ ಒಪ್ಪಬೇಕು, ಅವಳು ಒಪ್ಪುವವರೆಗೆ ಆಟ ಮುಂದೆ ಹೋಗಬಾರದು. ಊರ ಟೂರ್ನಮೆಂಟ್‌ಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ಇವಳು ಶುರು ಮಾಡಲಿ.

ಬರುವ ಭಾನುವಾರ ಶಿವಮೊಗ್ಗದಲ್ಲಿ ಹುಡುಗರ ಅಭ್ಯಾಸ ಪಂದ್ಯ ಇದೆ, ನಾನು ನಿಲ್ಲುತ್ತೇನೆ. ಕರೆದುಕೊಂಡು ಬನ್ನಿ. ಮೊದಲ ಇನಿಂಗ್ಸ್ ಸ್ಕೋರ್ ಬರೆಯಲಿ, ಎರಡನೆಯದಕ್ಕೆ ಸ್ಕ್ವೇರ್ ಲೆಗ್‌ನಲ್ಲಿ, ಅಂದರೆ ಬ್ಯಾಟರ್‌ನ ಪಕ್ಕಕ್ಕೆ ಅಂಪೈರ್ ನಿಲ್ಲುವ ಜಾಗದಲ್ಲಿ, ನನ್ನ ಜೊತೆ ನಿಲ್ಲಲಿ. ಅಗಲ ಅಂಚಿನ ಟೋಪಿ, ನೀರು ತರಲಿ. ಸಮಯ, ಜಾಗ ನಿಮಗೆ ಬೇರೆ ಕಳಿಸುತ್ತೇನೆ.

---

ಮಂಡಗದ್ದೆಯವ ಉತ್ತರ:

ಮೊದಲ ಬಸ್ಸಿಗೆ ಹೊರಡುತ್ತೇವೆ ಸರ್. ಕೂರಲು ನೆರಳು ಇದೆಯಾ ಅಂತ ನಮ್ಮಮ್ಮ ಕೇಳುತ್ತಿದ್ದಾರೆ, ಅವರೂ ಬರುತ್ತಾರಂತೆ.